ತೊಹೊಕು 2011 ಮಾಡೆಲ್: ಮ್ಯಾಗ್ನಿಟ್ಯೂಡ್ ಸರಿಯಾಗಿದೆ, ಅಲೆ ಮಾತ್ರ ಕಾಲುಭಾಗವೂ ಬರುತ್ತಿಲ್ಲ

ಮರವಂತೆ

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟಿಗಾಗಿ 2011ರ ಮಾರ್ಚ್ 11ರ ಜಪಾನಿನ ತೊಹೊಕು ಸುನಾಮಿಯನ್ನು ಜಿಯೋಕ್ಲಾದಲ್ಲಿ (ಸುನಾಮಿ ಲೆಕ್ಕ ಹಾಕುವ ಕೋಡ್) ಓಡಿಸುತ್ತಿದ್ದೇನೆ. ಕೊನೆಗೆ ಮಾಡಬೇಕಿರುವುದು ಪಾಕಿಸ್ತಾನ-ಇರಾನ್ ಕರಾವಳಿಯ ಮಕ್ರಾನ್ ಸಬ್ಡಕ್ಷನ್ ವಲಯದಿಂದ (ಒಂದು ಪ್ಲೇಟ್ ಇನ್ನೊಂದರ ಕೆಳಗೆ ನುಗ್ಗುವ ಜಾಗ) ನಮ್ಮ ಕರಾವಳಿಗೆ ಬರಬಹುದಾದ ಅಲೆಯ ಲೆಕ್ಕ. ಅಲ್ಲಿ ಹೋಲಿಸಿ ನೋಡುವುದಕ್ಕೆ ಅಳತೆಗಳು ತೀರಾ ಕಡಿಮೆ. ಹಾಗಾಗಿ, ಅಳತೆ ಚೆನ್ನಾಗಿ ಸಿಕ್ಕಿರುವ ಭೂಕಂಪವನ್ನು ಮೊದಲು ಹೊಂದಿಸಿ ತೋರಿಸು, ಆಮೇಲೆ ಮಕ್ರಾನ್ ಅಂತ ಗೈಡ್ ಹೇಳಿದ್ದಾರೆ.

ಫಾಲ್ಟ್, ಅಂದರೆ ಒಡೆದು ಜಾರಿದ ಮೇಲ್ಮೈ, ಒಂದೇ ಆಯತ. ಉದ್ದ 500 ಕಿಮೀ, ಅಗಲ 200 ಕಿಮೀ. ಸ್ಟ್ರೈಕ್ (ಫಾಲ್ಟ್ ಚಾಚಿರುವ ದಿಕ್ಕು) 203, ಡಿಪ್ (ಇಳಿಜಾರು) 10, ರೇಕ್ (ಜಾರುವ ದಿಕ್ಕು) 88 ಡಿಗ್ರಿ, ಆಳ 20 ಕಿಮೀ. ಈ ನಾಲ್ಕು ಗ್ಲೋಬಲ್ ಸಿಎಂಟಿ ಅನ್ನುವ ಭೂಕಂಪಗಳ ಪಟ್ಟಿಯಿಂದ ತೆಗೆದುಕೊಂಡವು. ಜಾಗ ಉತ್ತರ 38.3, ಪೂರ್ವ 142.4 ಡಿಗ್ರಿ. ಮ್ಯೂ (ಕಲ್ಲಿನ ಬಿಗಿತ) 40 ಗಿಗಾಪಾಸ್ಕಲ್. ಸ್ಲಿಪ್ (ಜಾರಿದ ದೂರ) ಎಲ್ಲ ಕಡೆ 13.2 ಮೀಟರ್. ಕೋಡ್ ಕೊಡುವ ಮ್ಯಾಗ್ನಿಟ್ಯೂಡ್ 9.08, ಅಂದರೆ ಸರಿಯಾಗಿದೆ.

ತೊಂದರೆ ಏನಂದರೆ, ಜಪಾನಿನ ಪೂರ್ವಕ್ಕೆ ಸಮುದ್ರದ ತಳದಲ್ಲಿರುವ ಡಾರ್ಟ್ 21418 ಒತ್ತಡ ಮಾಪಕದಲ್ಲಿ ನಿಜವಾದ ಅಲೆ ಸುಮಾರು 1.8 ಮೀಟರ್. ನನ್ನದು 0.4 ದಾಟುತ್ತಿಲ್ಲ. ಜೊತೆಗೆ ಹತ್ತು ನಿಮಿಷದಷ್ಟು ತಡವಾಗಿ ಬರುತ್ತಿದೆ. ಗ್ರಿಡ್ ಸಣ್ಣದು ಮಾಡಿದೆ, ತಳದ ಘರ್ಷಣೆ ತೆಗೆದೆ. ಸ್ಲಿಪ್ಪನ್ನು ಹಾಗೇ ಇಟ್ಟು ಮ್ಯೂ ಅರ್ಧ ಮಾಡಿ ನೋಡಿದೆ, ಅಲೆ ಒಂದು ಮಿಲಿಮೀಟರೂ ಬದಲಾಗಲಿಲ್ಲ! ಫಾಲ್ಟ್ ಜಾರಿದಾಗ ತಳ ಎಷ್ಟು ಏಳುತ್ತದೆ ಅಂತ ಹೇಳುವ ಒಕಾಡಾ ಸೂತ್ರ ಹಾಕಿರುವ ಭಾಗದಲ್ಲೇ ಬಗ್ ಇದೆಯಾ ಅಂತ ಅನುಮಾನ. ಯಾರಾದರೂ ನೋಡುತ್ತೀರಾ?

ಅಲೆಮಾರಿ

ಒಕಾಡಾ ಭಾಗವನ್ನು ತುಂಬಾ ಜನ ಬಳಸಿ ಸವೆಸಿದ್ದಾರೆ, ಅದರ ಮೇಲೆ ಅನುಮಾನ ಕೊನೆಗೆ ಪಡೋಣ. ಮೊದಲು ಮೂರು ವಿಷಯ ಹೇಳಿ. ಸಬ್‌ಫಾಲ್ಟಿನ ಕೋಆರ್ಡಿನೇಟ್ ಸ್ಪೆಸಿಫಿಕೇಶನ್‌ನಲ್ಲಿ (ಕೊಟ್ಟ ಜಾಗ ಆಯತದ ಯಾವ ಬಿಂದು ಅನ್ನುವಲ್ಲಿ) ಏನು ಬರೆದಿದ್ದೀರಿ? ಆಳ ಮತ್ತು ಉದ್ದದ ಯೂನಿಟ್ ಮೀಟರಾ, ಕಿಲೋಮೀಟರಾ? ಸಮುದ್ರದ ಆಳ ಗ್ರಿಡ್‌ನಲ್ಲಿ ಮೈನಸ್ ಇದೆ ತಾನೆ? ಕೆಲವು ಕೋಡ್‌ಗಳಲ್ಲಿ ಆಳ ಪ್ಲಸ್ ಇರಬೇಕು, ಇದರಲ್ಲಿ ಮೈನಸ್.

ಅಲೆಯ ಗ್ರಾಫ್ ಆಮೇಲೆ ನೋಡೋಣ. ತಳ ಎಲ್ಲಿ ಎದ್ದಿದೆ, ಎಲ್ಲಿ ಕುಸಿದಿದೆ ಅನ್ನುವ ನಕ್ಷೆಯನ್ನು ಕರಾವಳಿ ರೇಖೆಯ ಸಮೇತ ಹಾಕಿ. ಸುನಾಮಿ ಮಾಡೆಲ್‌ನಲ್ಲಿ ಮುಕ್ಕಾಲು ಪಾಲು ತೊಂದರೆ ಅಲೆ ಹೊರಡುವ ಮೊದಲೇ ಆಗಿರುತ್ತದೆ.

ಮರವಂತೆ

ಸ್ಪೆಸಿಫಿಕೇಶನ್ "ಟಾಪ್ ಸೆಂಟರ್" (ಮೇಲಂಚಿನ ಮಧ್ಯ). ಯೂನಿಟ್ ಎಲ್ಲ ಮೀಟರಿಗೆ ಬದಲಿಸಿದ್ದೇನೆ. ಆಳದ ಗ್ರಿಡ್ ಜೆಬ್ಕೋ ಅನ್ನುವ ಸಮುದ್ರತಳದ ನಕ್ಷೆಯದು, ಮೈನಸ್ಸೇ ಇದೆ. ನಕ್ಷೆ ಹಾಕಿದ್ದೇನೆ. ಎದ್ದ ಭಾಗ ಪೂರ್ವ 142 ಡಿಗ್ರಿಯಿಂದ ಶುರುವಾಗಿ ಪಶ್ಚಿಮಕ್ಕೆ ಹರಡಿದೆ. ಮಿಯಾಗಿ ಕರಾವಳಿಯ ಓಶಿಕಾ ಪರ್ಯಾಯ ದ್ವೀಪ ಒಂದು ಮೀಟರಿಗಿಂತ ಜಾಸ್ತಿ ಮೇಲೆದ್ದಿದೆ.

ಸ್ಲಿಪ್_ಡಿಪ್_ರೇಕ್

ಓಶಿಕಾ ಮೇಲೆದ್ದಿದೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ನಿಜವಾದ ಓಶಿಕಾ ಆ ದಿನ 1.2 ಮೀಟರ್ ಕುಸಿಯಿತು, ಜೊತೆಗೆ ಪೂರ್ವ-ಆಗ್ನೇಯದ ಕಡೆಗೆ 5.3 ಮೀಟರ್ ಸರಿಯಿತು. ಜಪಾನಿನ ಜಿಪಿಎಸ್ ಜಾಲ ಇದನ್ನು ಅಳೆದಿದೆ. ಅಲ್ಲಿ ರಸ್ತೆಗಳೆಲ್ಲ ಉಬ್ಬರದ ಹೊತ್ತಿಗೆ ನೀರಲ್ಲಿ ಮುಳುಗುತ್ತಿದ್ದದ್ದು ಆ ಕುಸಿತದಿಂದಲೇ. ಮಾಡೆಲ್ ಕರಾವಳಿಯನ್ನು ಎತ್ತುತ್ತಿದ್ದರೆ, ಫಾಲ್ಟ್ ಇರಬೇಕಾದ ಜಾಗದಲ್ಲಿ ಇಲ್ಲ ಅಂತಲೇ ಅರ್ಥ.

ನೀವು ಕೊಟ್ಟ ಸಂಖ್ಯೆಗಳನ್ನೇ ಹಿಡಿದು ಲೆಕ್ಕ ಹಾಕೋಣ. ಸ್ಟ್ರೈಕ್ 203 ಅಂದರೆ ಫಾಲ್ಟ್ ಇಳಿಯುವುದು 293ರ ದಿಕ್ಕಿಗೆ, ಪಶ್ಚಿಮ-ವಾಯವ್ಯಕ್ಕೆ. ಅಗಲ 200 ಕಿಮೀ, ಡಿಪ್ 10 ಆದಾಗ ಅಡ್ಡಕ್ಕೆ 197 ಕಿಮೀ ಹೋಗುತ್ತದೆ, ಕೆಳಕ್ಕೆ 35 ಕಿಮೀ ಇಳಿಯುತ್ತದೆ. ನೀವು ಮೇಲಂಚಿನ ಮಧ್ಯವನ್ನು 142.4ರಲ್ಲಿ, 20 ಕಿಮೀ ಆಳದಲ್ಲಿ ಇಟ್ಟಿದ್ದೀರಿ. ಹಾಗಾದರೆ ಕೆಳಂಚಿನ ಮಧ್ಯ ಉತ್ತರ 39, ಪೂರ್ವ 140.3ರ ಹತ್ತಿರ, 55 ಕಿಮೀ ಆಳದಲ್ಲಿ ಬರುತ್ತದೆ. ಅದು ಯಮಗಾತಾ, ಅಕಿತಾ ಪ್ರಾಂತ್ಯಗಳ ಗಡಿಯ ಹತ್ತಿರ. ಜಪಾನ್ ಸಮುದ್ರದ ಕಡೆಯ ಬೆಟ್ಟಗಳ ಕೆಳಗೆ ಫಾಲ್ಟ್ ಜಾರಿಸಿದರೆ ಪೆಸಿಫಿಕ್‌ನಲ್ಲಿ ಅಲೆ ಎಲ್ಲಿಂದ ಬರಬೇಕು?

ಈ ಕಡೆ ಮೇಲಂಚು ನೋಡಿ. ಉತ್ತರ 38ರ ಹತ್ತಿರ ಟ್ರೆಂಚ್ (ಪ್ಲೇಟ್ ಒಳಹೋಗುವಲ್ಲಿನ ಆಳದ ಕಂದಕ) ಇರುವುದು ಪೂರ್ವ 144ರ ಆಸುಪಾಸಿನಲ್ಲಿ. ಅಂದರೆ ಟ್ರೆಂಚಿಗೆ ಇನ್ನೂ 120 ಕಿಮೀಗಿಂತ ಜಾಸ್ತಿ ಬಾಕಿ ಇರುವಾಗಲೇ ನಿಮ್ಮ ಫಾಲ್ಟ್ ನಿಂತುಹೋಗಿದೆ. ಆ ಹತ್ತು ನಿಮಿಷ ತಡ ಇಲ್ಲಿಂದಲೇ ಬಂದದ್ದು. ಅಲೆ ಅಷ್ಟು ದೂರ ಹೆಚ್ಚಿಗೆ ನಡೆಯಬೇಕಲ್ಲ.

ಇದು ಆಗುವುದು ಹೀಗೆ. 38.3, 142.4 ಅನ್ನುವುದು ಎಪಿಸೆಂಟರ್, ಒಡೆಯುವುದು ಶುರುವಾದ ಬಿಂದುವಿನ ನೇರ ಮೇಲಿನ ಜಾಗ. 20 ಕಿಮೀ ಅನ್ನುವುದು ಸಿಎಂಟಿಯ ಸೆಂಟ್ರಾಯ್ಡ್ ಆಳ, ಅಂದರೆ ಒಟ್ಟು ಜಾರಿಕೆಯ ನಡುಬಿಂದುವಿನದು. ಸೆಂಟ್ರಾಯ್ಡಿನ ಜಾಗವೇ ಬೇರೆ, ಸುಮಾರು 37.5, 143.05. ಕೋಡ್ ಕೇಳುತ್ತಿರುವುದು ಮೂರನೆಯದು, ಮೇಲಂಚಿನ ಮಧ್ಯ. ಮೂರೂ ಬೇರೆ ಬೇರೆ.

ಇನ್ನೊಂದು. ಒಕಾಡಾ ಸೂತ್ರಕ್ಕೆ ನೀರು ಗೊತ್ತಿಲ್ಲ. ಅದರ "ಮೇಲ್ಮೈ" ಅಂದರೆ ಸಮುದ್ರದ ತಳ. ಟ್ರೆಂಚಿನಲ್ಲಿ ನೀರೇ 7 ಕಿಮೀಗಿಂತ ಜಾಸ್ತಿ ಇದೆ. ನೀರಿನ ಮಟ್ಟದಿಂದ ಅಳೆದ ಆಳವನ್ನು ಹಾಗೇ ಹಾಕಿದರೆ ಫಾಲ್ಟ್ ಸುಮ್ನೆ ಅಷ್ಟು ಕೆಳಗೆ ಹೂತುಹೋಗುತ್ತದೆ. ಮೇಲಂಚನ್ನು ಟ್ರೆಂಚಿನ ಸಾಲಿಗೆ ತನ್ನಿ, ಆಳ ತಳದಿಂದ ಒಂದು ಕಿಮೀ ಒಳಗೆ ಇಡಿ, ಮತ್ತೆ ಓಡಿಸಿ.

ಮ್ಯೂ ಬದಲಿಸಿದಾಗ ಏನೂ ಆಗಲಿಲ್ಲ ಅಂದಿರಿ. ಆಗಬಾರದು ಕೂಡ. ಎಲ್ಲ ಕಡೆ ಒಂದೇ ಥರದ ಕಲ್ಲು ಅಂದುಕೊಂಡಾಗ, ಸ್ಲಿಪ್ ಇಷ್ಟು ಅಂತ ಕೊಟ್ಟ ಮೇಲೆ ತಳ ಎಷ್ಟು ಏಳುತ್ತದೆ ಅನ್ನುವುದು ಫಾಲ್ಟಿನ ಆಕಾರ ಮತ್ತು ಪಾಯ್ಸನ್ ಅನುಪಾತದ (ಒತ್ತಿದಾಗ ಕಲ್ಲು ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಅನ್ನುವುದು) ಮೇಲೆ ನಿಂತಿದೆ. ಮೊಮೆಂಟ್ ಅಂದರೆ ಮ್ಯೂ, ವಿಸ್ತೀರ್ಣ, ಸ್ಲಿಪ್ ಮೂರರ ಗುಣಲಬ್ಧ. ಮ್ಯೂ ಬರುವುದು ಮೊಮೆಂಟ್‌ನಿಂದ ಸ್ಲಿಪ್ ತೆಗೆಯುವಾಗ ಮಾತ್ರ. ಇದಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಮರವಂತೆ

ತುಂಬಾ ಥ್ಯಾಂಕ್ಸ್ ಸರ್. ಸರಿಸಿ ಓಡಿಸಿದೆ. ಈಗ ಓಶಿಕಾ ಕುಸಿಯುತ್ತಿದೆ. ಅಲೆ ಅರ್ಧ ಗಂಟೆಯ ಸುಮಾರಿಗೆ ಡಾರ್ಟ್ ಮುಟ್ಟುತ್ತಿದೆ, ಸಮಯ ಸರಿಹೋಯಿತು. ಆದರೆ ಎತ್ತರ 0.9 ಅಷ್ಟೇ. ಅಳತೆಯ ಅರ್ಧ. ಆಕಾರವೂ ಹೊಂದುತ್ತಿಲ್ಲ. ಅಳತೆಯಲ್ಲಿ ಮೊದಲ ಅಲೆ ಚೂಪಾಗಿ ಎದ್ದು ಬೇಗ ಇಳಿಯುತ್ತದೆ, ನನ್ನದು ದಿಬ್ಬದ ಹಾಗೆ ಅಗಲವಾಗಿದೆ.

ಕಲ್ಲುಬಂಡೆ

ಅರ್ಧ ಬರುತ್ತಿದ್ದರೆ ಸ್ಲಿಪ್ ಡಬಲ್ ಮಾಡಿಬಿಡಿ ಗುರು, 26 ಮೀಟರ್. ಲೀನಿಯರ್ ಅಲ್ವಾ?

ಸ್ಲಿಪ್_ಡಿಪ್_ರೇಕ್

ಲೀನಿಯರ್ ಹೌದು. ಆದರೆ ಡಬಲ್ ಮಾಡಿದರೆ ಮೊಮೆಂಟ್ ಕೂಡ ಡಬಲ್, ಮ್ಯಾಗ್ನಿಟ್ಯೂಡ್ 9.28 ಆಗುತ್ತದೆ. ಕಂಪನದ ದಾಖಲೆಗಳು ಅದನ್ನು ಒಪ್ಪುವುದಿಲ್ಲ. ಓಶಿಕಾದ 1.2 ಮೀಟರ್ ಕುಸಿತವೂ ಕೈತಪ್ಪುತ್ತದೆ. ಎತ್ತರ ಹೊಂದಿದರೂ ಅಲೆ ಅಗಲವಾಗಿಯೇ ಉಳಿಯುತ್ತದೆ. ಮರವಂತೆಯವರು ಆಕಾರದ ಬಗ್ಗೆ ಹೇಳಿದ್ದೇ ಇಲ್ಲಿ ಮುಖ್ಯ.

ತೊಹೊಕುವಿನಲ್ಲಿ ಪ್ರಶ್ನೆ ಒಟ್ಟು ಎಷ್ಟು ಜಾರಿತು ಅನ್ನುವುದಲ್ಲ, ಎಲ್ಲಿ ಜಾರಿತು ಅನ್ನುವುದು. ಒಂದು ದಾಖಲೆ ಹುಡುಕಿ ನೋಡಿ. ಕಾಮಾಯಿಶಿ ಊರಿನಿಂದ ಸಮುದ್ರದೊಳಕ್ಕೆ ಕೇಬಲ್ ಎಳೆದು ತಳದಲ್ಲಿ ಎರಡು ಒತ್ತಡ ಮಾಪಕ ಇಟ್ಟಿದ್ದರು, ಟಿಎಂ1 ಮತ್ತು ಟಿಎಂ2. ಹೊರಗಿನದು ಟಿಎಂ1, ದಡದಿಂದ 70 ಕಿಮೀಗಿಂತ ದೂರ, ಸುಮಾರು 1600 ಮೀಟರ್ ಆಳದಲ್ಲಿ. ಅದರ ಗ್ರಾಫ್‌ನಲ್ಲಿ ನೀರು ಮೊದಲು ನಿಧಾನಕ್ಕೆ ಸುಮಾರು 2 ಮೀಟರ್ ಏರುತ್ತದೆ. ಇಷ್ಟೇ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಗೋಡೆ ಎದ್ದ ಹಾಗೆ ಇನ್ನೂ 3 ಮೀಟರ್, ಒಂದೆರಡು ನಿಮಿಷದಲ್ಲಿ. ಒಟ್ಟು 5 ಮೀಟರ್. ಒಳಗಿನ ಟಿಎಂ2ರಲ್ಲೂ ಅದೇ ಎರಡು ಮೆಟ್ಟಿಲು, ಸ್ವಲ್ಪ ತಡವಾಗಿ.

ಒಂದೇ ಆಯತ, ಒಂದೇ ಸ್ಲಿಪ್ ಇಟ್ಟುಕೊಂಡು ಈ ಎರಡು ಮೆಟ್ಟಿಲು ಬರಿಸಲು ಆಗುವುದಿಲ್ಲ. ನಿಧಾನದ ಏರಿಕೆ ಬಂದದ್ದು ಆಳದ, ಅಗಲವಾದ ಜಾರಿಕೆಯಿಂದ. ಗೋಡೆ ಬಂದದ್ದು ಟ್ರೆಂಚಿನ ಪಕ್ಕದ ಕಿರಿದಾದ ಪಟ್ಟಿಯಿಂದ, ಅಲ್ಲಿ ಜಾರಿಕೆ ವಿಪರೀತ. ಆ ಕರಾವಳಿಯ ಹಳೆಯ ಸುನಾಮಿಗಳಲ್ಲೂ ಈ ಎರಡು ಬಗೆ ಇವೆ. 869ರ ಜೋಗನ್ ಸುನಾಮಿಗೆ ಆಳದ ಅಗಲ ಜಾರಿಕೆಯ ಮಾಡೆಲ್ ಹೊಂದುತ್ತದೆ, ಸೆಂದಾಯಿ ಬಯಲಿನ ಒಳಕ್ಕೆ ಬಹುದೂರ ಮರಳು ತಂದು ಹಾಸಿದ್ದು ಅದೇ. 1896ರ ಸಾನ್ರಿಕು ಭೂಕಂಪದಲ್ಲಿ ನೆಲ ಜೋರಾಗಿ ನಡುಗಲೇ ಇಲ್ಲ. ಜನ ಓಡಲಿಲ್ಲ. ಸುಮಾರು 22,000 ಮಂದಿ ಸತ್ತರು. ಅದು ಟ್ರೆಂಚ್ ಪಕ್ಕದ ಜಾರಿಕೆ. 2011ರಲ್ಲಿ ಎರಡೂ ಒಟ್ಟಿಗೆ ಆದವು.

ಟ್ರೆಂಚ್ ಹತ್ತಿರ ಎಷ್ಟು ಜಾರಿತು ಅನ್ನುವುದಕ್ಕೆ ಮಾಡೆಲ್ ಬಿಟ್ಟು ನೇರ ಅಳತೆಯೂ ಇದೆ. ಜಪಾನಿನವರು ಭೂಕಂಪಕ್ಕೆ ಮೊದಲು ಹಡಗಿನಿಂದ ತಳದ ನಕ್ಷೆ ತೆಗೆದಿದ್ದ ಸಾಲಿನಲ್ಲೇ ಭೂಕಂಪದ ನಂತರ ಮತ್ತೆ ತೆಗೆದರು. ಒಂದರ ಮೇಲೊಂದು ಇಟ್ಟು ನೋಡಿದರೆ ಟ್ರೆಂಚಿನ ಒಳಗೋಡೆ ಅಡ್ಡಕ್ಕೆ ಸುಮಾರು 50 ಮೀಟರ್ ಸರಿದಿತ್ತು, 7ರಿಂದ 10 ಮೀಟರ್ ಮೇಲೆದ್ದಿತ್ತು. ಅದಕ್ಕಿಂತ ದಡದ ಕಡೆಗೆ, ಎಪಿಸೆಂಟರ್ ಹತ್ತಿರ ತಳದಲ್ಲಿಟ್ಟಿದ್ದ ಗುರುತು ಸರಿದದ್ದು 24 ಮೀಟರ್, ಎದ್ದದ್ದು 3 ಮೀಟರ್. ನಿಮ್ಮ 13.2 ಇವೆರಡರ ಹತ್ತಿರಕ್ಕೂ ಬರುವುದಿಲ್ಲ. ಕಾರಣ ಸರಳ. ಜಾರಿಕೆಯನ್ನು ಒಂದು ಲಕ್ಷ ಚದರ ಕಿಮೀಗೆ ಸಮನಾಗಿ ಹಂಚಿಬಿಟ್ಟಿದ್ದೀರಿ.

ಹಾಗಾಗಿ ಎರಡು ಪಟ್ಟಿ ಮಾಡಿ ನೋಡಿ. ಆಳದ್ದು 400 ಕಿಮೀ ಉದ್ದ, 120 ಅಗಲ, ಸ್ಲಿಪ್ 15 ಮೀಟರ್. ಟ್ರೆಂಚ್ ಪಕ್ಕದ್ದು 180 ಉದ್ದ, 50 ಅಗಲ, 45 ಮೀಟರ್. ಈ ಸಂಖ್ಯೆಗಳು ಶುರು ಮಾಡುವುದಕ್ಕೆ ಮಾತ್ರ, ಆಮೇಲೆ ತಿದ್ದಿಕೊಳ್ಳಿ. ಡಿಪ್ ಕೂಡ ಎರಡಕ್ಕೂ ಒಂದೇ ಬೇಡ. ಪ್ಲೇಟ್ ಟ್ರೆಂಚ್ ಹತ್ತಿರ ಸಪಾಟಾಗಿರುತ್ತದೆ, ಒಳಗೆ ಹೋದ ಹಾಗೆ ಕಡಿದಾಗುತ್ತದೆ. ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಸ್ಲ್ಯಾಬ್2 ಗ್ರಿಡ್ ಉಚಿತವಾಗಿ ಸಿಗುತ್ತದೆ, ಅದರಿಂದ ಆಳ, ಡಿಪ್ ತೆಗೆದುಕೊಳ್ಳಿ. ಅದರ ಆಳ ನೀರಿನ ಮಟ್ಟದಿಂದ ಅಳೆದದ್ದು, ತಳದ ಆಳ ಕಳೆಯುವುದನ್ನು ಮರೆಯಬೇಡಿ.

ಈಗ ಮ್ಯೂ. ಎರಡಕ್ಕೂ 40 ಗಿಗಾಪಾಸ್ಕಲ್ ಹಾಕಿದರೆ ಮೇಲಿನ ಎರಡು ಪಟ್ಟಿ ಸೇರಿ ಮ್ಯಾಗ್ನಿಟ್ಯೂಡ್ 9.04. ಟ್ರೆಂಚ್ ಪಕ್ಕದ ಪಟ್ಟಿಗೆ ಮಾತ್ರ 15 ಹಾಕಿದರೆ 8.96. ಅಲೆ ಎರಡರಲ್ಲೂ ಒಂದೇ! ತಲೆಕೆಳಗಾಗಿ ಯೋಚಿಸಿ. ಮೊಮೆಂಟ್ ಗೊತ್ತಿದೆ, ಸ್ಲಿಪ್ ಹುಡುಕಬೇಕು ಅಂತಿಟ್ಟುಕೊಳ್ಳಿ. ಮೇಲಿನ ಭಾಗದಲ್ಲಿ ಮೆತ್ತನೆಯ ಕೆಸರುಗಲ್ಲು ಇದ್ದಲ್ಲಿ ಗಟ್ಟಿ ಕಲ್ಲಿನ ಮ್ಯೂ ಹಾಕಿದರೆ ಸ್ಲಿಪ್ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ, ಅಲೆಯೂ ಹಾಗೇ ಕುಗ್ಗುತ್ತದೆ. 1992ರ ನಿಕರಾಗುವಾ, 2010ರ ಮೆಂತವಾಯಿ ಸುನಾಮಿಗಳಲ್ಲಿ ಜನ ಮುಗ್ಗರಿಸಿದ್ದು ಇಲ್ಲೇ. ಎರಡೂ ಮ್ಯಾಗ್ನಿಟ್ಯೂಡ್ 8ರ ಒಳಗಿನವು. ಮೆಂತವಾಯಿಯಲ್ಲಿ ನೀರು ಕೆಲವು ಕಡೆ 15 ಮೀಟರ್ ದಾಟಿ ಹತ್ತಿತು, 400ಕ್ಕೂ ಹೆಚ್ಚು ಜನ ಹೋದರು.

ಅಷ್ಟು ಮೇಲಕ್ಕೆ ಬಂದರೂ ಜಾರಿಕೆ ನಿಲ್ಲದೆ 50 ಮೀಟರ್ ಹೋಯಿತಲ್ಲ ಹೇಗೆ ಅಂತ ಕೇಳುತ್ತೀರಿ. ಚಿಕ್ಯು ಅನ್ನುವ ಹಡಗು 2012ರಲ್ಲಿ ಸುಮಾರು 6,900 ಮೀಟರ್ ನೀರಿನ ಕೆಳಗೆ, ತಳದಿಂದ ಮತ್ತೆ 800 ಮೀಟರಿಗೂ ಜಾಸ್ತಿ ಕೊರೆದು ಆ ಫಾಲ್ಟನ್ನೇ ಮುಟ್ಟಿತು. ಸಿಕ್ಕಿದ್ದು 5 ಮೀಟರಿಗಿಂತ ತೆಳುವಾದ, ಸ್ಮೆಕ್ಟೈಟ್ ಎಂಬ ಜೇಡಿ ತುಂಬಿದ ಜಾರುಮಣ್ಣು. ಒಳಗೆ ತಾಪಮಾಪಕ ಇಳಿಬಿಟ್ಟು ನೋಡಿದಾಗ ಉಜ್ಜಾಟದ ಬಿಸಿ ಇನ್ನೂ 0.31 ಡಿಗ್ರಿಯಷ್ಟು ಉಳಿದಿತ್ತು. ಅದರಿಂದ ತೆಗೆದ ಘರ್ಷಣೆ ಗುಣಾಂಕ 0.08. ಮಾಮೂಲಿ ಕಲ್ಲಿಗೆ ಇದು 0.6ರ ಮೇಲಿರುತ್ತದೆ. ನಿಮ್ಮ ಪ್ರಾಜೆಕ್ಟಿಗೆ ಇದು ಬೇಕಾಗಿಲ್ಲ, ಆದರೂ ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಅಳತೆ ಇದು.

ಕಲ್ಲುಬಂಡೆ

ಸರಿ ಸರಿ, ಡಬಲ್ ವಾಪಸ್ ತಗೊಂಡೆ.

ಮರವಂತೆ

ಎರಡು ಪಟ್ಟಿ ಹಾಕಿದೆ. ಡಾರ್ಟ್‌ನಲ್ಲಿ ಈಗ 1.5ರ ಹತ್ತಿರ, ಮೊದಲ ಅಲೆ ಚೂಪಾಗಿದೆ. ಟಿಎಂ1 ಜಾಗದಲ್ಲಿ ಎರಡು ಮೆಟ್ಟಿಲೂ ಕಾಣುತ್ತಿವೆ, ನೋಡಿ ಖುಷಿಯಾಯಿತು. ಆದರೆ ಎರಡು ಹೊಸ ತೊಂದರೆ. ಟ್ರೆಂಚ್ ಸಾಲಿನಲ್ಲಿ ನೀರಿನ ಮೇಲ್ಮೈ ಒಂದೆರಡು ಸೆಲ್‌ನಷ್ಟು ಅಗಲದಲ್ಲಿ ಚೂಪು ಮೊನೆಯಾಗಿ ಎದ್ದಿದೆ, ಅದರ ಹಿಂದೆ ಸಣ್ಣ ಸಣ್ಣ ಅಲುಗಾಟ. ಮತ್ತೆ ಡಾರ್ಟ್ ದಾಖಲೆಯಲ್ಲಿ ಭೂಕಂಪ ಆದ ಕೆಲವೇ ನಿಮಿಷಕ್ಕೆ ದೊಡ್ಡ ಏರಿಳಿತ ಇದೆ, ನನ್ನ ಮಾಡೆಲ್‌ನಲ್ಲಿ ಅದು ಇಲ್ಲವೇ ಇಲ್ಲ. ನಾನು ಯಾವುದೋ ಮೊದಲ ಅಲೆಯನ್ನು ಕಳೆದುಕೊಳ್ಳುತ್ತಿದ್ದೇನಾ?

ಅಲೆಮಾರಿ

ಎರಡನೆಯದು ಸುಲಭ. ಅದು ಸುನಾಮಿ ಅಲ್ಲ. ನೆಲದೊಳಗಿನ ಕಂಪನದ ಅಲೆಗಳು ಸೆಕೆಂಡಿಗೆ ಕೆಲವು ಕಿಮೀ ವೇಗದಲ್ಲಿ ಬಂದು ಮಾಪಕವನ್ನೇ ಅಲ್ಲಾಡಿಸುತ್ತವೆ, ಒತ್ತಡ ಏರಿಳಿಯುತ್ತದೆ. ಸುನಾಮಿ 5,700 ಮೀಟರ್ ಆಳದ ನೀರಿನಲ್ಲಿ ಸೆಕೆಂಡಿಗೆ 236 ಮೀಟರ್, ಅಂದರೆ ಗಂಟೆಗೆ ಸುಮಾರು 850 ಕಿಮೀ. ಟ್ರೆಂಚಿನಿಂದ ಆ ಮಾಪಕಕ್ಕೆ 400 ಕಿಮೀ ಚಿಲ್ಲರೆ. ಹೆಚ್ಚುಕಡಿಮೆ ಅರ್ಧ ಗಂಟೆಗೆ ಮೊದಲು ಬರಲು ಸಾಧ್ಯವೇ ಇಲ್ಲ. ಆ ಭಾಗವನ್ನು ಹೋಲಿಕೆಯಿಂದ ಕತ್ತರಿಸಿ. ಉಬ್ಬರವಿಳಿತವನ್ನೂ ಕಳೆದಿರಬೇಕು. ಅದು ಕಳೆಯದೆ 1.5, 1.8 ಅಂತ ಮಾತಾಡುವುದರಲ್ಲಿ ಅರ್ಥವಿಲ್ಲ.

ಮೊನೆಯ ವಿಷಯ. ತಳ ಎಷ್ಟು ಎದ್ದಿತೋ ನೀರಿನ ಮೇಲ್ಮೈಯೂ ಅಷ್ಟೇ ಏಳುತ್ತದೆ ಅಂತ ಕೋಡ್ ಅಂದುಕೊಳ್ಳುತ್ತದೆ. ಅಗಲವಾದ ಉಬ್ಬಿಗೆ ಅದು ಸರಿ. 7 ಕಿಮೀ ನೀರಿನ ಕೆಳಗಿನ ಚಿಕ್ಕ ಉಬ್ಬಿಗೆ ಸರಿಯಲ್ಲ, ಮಧ್ಯದ ನೀರು ಅದನ್ನು ನುಂಗಿಬಿಡುತ್ತದೆ. ಕಾಜಿಯುರಾ ಫಿಲ್ಟರ್ ಅಂತ ಇದೆ. ಪ್ರತಿ ಅಲೆಯುದ್ದದ ಉಬ್ಬನ್ನು (ಕೆ ಅಂದರೆ 2ಪೈ ಭಾಗಿಸು ಅಲೆಯುದ್ದ, ಎಚ್ ಅಂದರೆ ನೀರಿನ ಆಳ) ಒಂದು ಭಾಗಿಸು ಕಾಷ್ ಕೆಎಚ್‌ನಿಂದ ಗುಣಿಸುವುದು, ಅಷ್ಟೇ. 7 ಕಿಮೀ ಆಳದಲ್ಲಿ 100 ಕಿಮೀ ಅಲೆಯುದ್ದದ ಉಬ್ಬು ಶೇಕಡಾ 91ರಷ್ಟು ಮೇಲ್ಮೈಗೆ ಬರುತ್ತದೆ. 20 ಕಿಮೀಯದು ಬರುವುದು ಶೇಕಡಾ 22 ಮಾತ್ರ. ನಿಮ್ಮ ಮೊನೆ ಬಹುಪಾಲು ಅಲ್ಲೇ ಕರಗುತ್ತದೆ. 45 ಮೀಟರ್ ಸ್ಲಿಪ್ಪಿನ ಪಕ್ಕದಲ್ಲೇ ಸೊನ್ನೆ ಅಂತ ಗೋಡೆ ಕಟ್ಟಬೇಡಿ. ಪಟ್ಟಿಯನ್ನು ಚಿಕ್ಕ ಸಬ್‌ಫಾಲ್ಟ್‌ಗಳಾಗಿ ಒಡೆದು, ಉತ್ತರ ದಕ್ಷಿಣದ ಅಂಚಿನ ಕಡೆಗೆ ಸ್ಲಿಪ್ ಇಳಿಸುತ್ತಾ ಹೋಗಿ.

ಇದನ್ನು ಮಾಡಿದ ಮೇಲೆ ಅಲೆ ಇನ್ನಷ್ಟು ಕುಗ್ಗುತ್ತದೆ ಅಂತ ಬೇಜಾರಾಗಬೇಡಿ, ಕೂಡಿಸಬೇಕಾದ್ದೂ ಒಂದು ಬಾಕಿ ಇದೆ. ನೀವು ತಳದ ಲಂಬ ಚಲನೆ ಮಾತ್ರ ತೆಗೆದುಕೊಂಡಿದ್ದೀರಿ ಅಲ್ವಾ? ಟ್ರೆಂಚಿನ ಒಳಗೋಡೆ ಇಳಿಜಾರು. ಆ ಇಳಿಜಾರು ಅಡ್ಡಕ್ಕೆ 50 ಮೀಟರ್ ಸಮುದ್ರದ ಕಡೆಗೆ ಸರಿದರೆ, ನೀರಿನ ತೊಟ್ಟಿಯೊಳಗೆ ಓರೆ ಹಲಗೆಯನ್ನು ಮುಂದಕ್ಕೆ ತಳ್ಳಿದ ಹಾಗೆ, ನೀರು ಮೇಲೇಳಲೇಬೇಕು. ಇಳಿಜಾರು 5 ಡಿಗ್ರಿ ಇದ್ದರೆ 50 ಗುಣಿಸು 0.087, ಅಂದರೆ 4.4 ಮೀಟರ್. ನೇರವಾಗಿ ಎದ್ದದ್ದು 7ರಿಂದ 10 ಇರುವಲ್ಲಿ ಇದು ಸಣ್ಣ ಮೊತ್ತವಲ್ಲ. ಒಕಾಡಾ ಅಡ್ಡ ಚಲನೆಯನ್ನೂ ಕೊಡುತ್ತದೆ. ಅದನ್ನು ತಳದ ಇಳಿಜಾರಿನಿಂದ ಗುಣಿಸಿ ಲಂಬಕ್ಕೆ ಕೂಡಿಸಿ, ಆಮೇಲೆ ಫಿಲ್ಟರ್ ಹಾಕಿ. ಗುಣಿಸುವ ಮೊದಲು ಜೆಬ್ಕೋ ತಳವನ್ನು ಸ್ವಲ್ಪ ನಯ ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಣ್ಣ ಗುಡ್ಡಕ್ಕೂ ಒಂದೊಂದು ಮೊನೆ ಏಳುತ್ತದೆ.

ಕೊನೆಗೆ ರಿಫೈನ್‌ಮೆಂಟ್. ಮೊದಲ ಕ್ಷಣದಲ್ಲೇ ಮೂಲದ ಜಾಗದಲ್ಲಿ ಸಣ್ಣ ಗ್ರಿಡ್ ಇರುವಂತೆ ರೀಜನ್ ಹಾಕಿ, ಮಾಪಕದವರೆಗಿನ ದಾರಿಗೂ ಹಾಕಿ. 50 ಕಿಮೀ ಪಟ್ಟಿಯನ್ನು 20 ಕಿಮೀ ಸೆಲ್‌ಗಳಲ್ಲಿ ಹಿಡಿಯಲು ಆಗುವುದಿಲ್ಲ.

ಗೇರುಬೀಜ

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು 2004ರ ಸುಮಾತ್ರಾ ಅಂಡಮಾನ್ ಮಾಡುತ್ತಿದ್ದೇನೆ. ಇದೇ ಥರ ಪಟ್ಟಿಗಳನ್ನು ಮಾಡಿ ಎಲ್ಲವನ್ನೂ ಸಮಯ ಸೊನ್ನೆಯಲ್ಲಿ ಜಾರಿಸಿದ್ದೇನೆ. ಭೂಕಂಪದ ಸುಮಾರು ಎರಡು ಗಂಟೆ ನಂತರ ಜೇಸನ್-1 ಉಪಗ್ರಹ ಬಂಗಾಳ ಕೊಲ್ಲಿಯ ಮೇಲೆ ಹಾದುಹೋಗುವಾಗ ಅಲೆ ಅಳೆದಿತ್ತಲ್ಲ, ಅದಕ್ಕೆ ಉತ್ತರದ ಭಾಗ ಹೊಂದುತ್ತಿಲ್ಲ. ನನ್ನ ಅಲೆ ಮುಂದಕ್ಕೆ ಓಡಿಹೋಗಿರುತ್ತದೆ. ಇನ್ನೊಂದು, ಥಾಯ್ಲೆಂಡ್ ಕಡೆ ಮೊದಲು ನೀರು ಹಿಂದಕ್ಕೆ ಹೋಗುತ್ತದೆ, ಚೆನ್ನೈ ಕಡೆ ಮೊದಲೇ ಏರುತ್ತದೆ. ಸೈನ್ ತಪ್ಪಾಗಿದೆಯಾ?

ಸ್ಲಿಪ್_ಡಿಪ್_ರೇಕ್

ಸೈನ್ ಸರಿಯಾಗಿದೆ, ಮುಟ್ಟಬೇಡಿ. ಅಲ್ಲಿ ಟ್ರೆಂಚ್ ಪಶ್ಚಿಮಕ್ಕಿದೆ. ಎದ್ದ ಭಾಗ ಭಾರತದ ಕಡೆ, ಕುಸಿದ ಭಾಗ ಥಾಯ್ಲೆಂಡಿನ ಕಡೆ. ನಡೆದದ್ದೂ ಹಾಗೇ.

ಸಮಯದ ತೊಂದರೆ ಬೇರೆ. ಆ ಫಾಲ್ಟ್ 1,300 ಕಿಮೀ ಉದ್ದ, ದಕ್ಷಿಣದಿಂದ ಉತ್ತರಕ್ಕೆ ಒಡೆಯಲು 8ರಿಂದ 10 ನಿಮಿಷ ಬೇಕಾಯಿತು. ಅಷ್ಟರಲ್ಲಿ ಆಳದ ನೀರಿನಲ್ಲಿ ಸುನಾಮಿ 100 ಕಿಮೀ ದಾಟಿರುತ್ತದೆ. ಅಂಡಮಾನ್ ತುದಿಯನ್ನು ಸೊನ್ನೆಯಲ್ಲಿ ಜಾರಿಸಿದರೆ ಅಲ್ಲಿಯ ಅಲೆ ಅಷ್ಟು ಬೇಗ ಹೊರಡುತ್ತದೆ. ರಪ್ಚರ್ ಟೈಪನ್ನು (ಒಮ್ಮೆಗೇ ಜಾರುವುದೋ, ಸಮಯಕ್ಕೆ ತಕ್ಕಂತೆ ಜಾರುವುದೋ ಅನ್ನುವುದು) ಸ್ಟ್ಯಾಟಿಕ್‌ನಿಂದ ಬದಲಿಸಿ ಪ್ರತಿ ಸಬ್‌ಫಾಲ್ಟಿಗೂ ಶುರುವಾಗುವ ಸಮಯ ಕೊಡಿ. ತೊಹೊಕುವಿನಲ್ಲಿ ದೊಡ್ಡ ಜಾರಿಕೆ ಎರಡು ಮೂರು ನಿಮಿಷದಲ್ಲಿ ಮುಗಿದದ್ದರಿಂದ ಡಾರ್ಟ್ ಮಟ್ಟಿಗೆ ಸ್ಟ್ಯಾಟಿಕ್ ನಡೆಯುತ್ತದೆ. ಟಿಎಂ1 ಥರ ಹತ್ತಿರದ ಮಾಪಕಕ್ಕೆ ಅಲ್ಲೂ ಸಮಯ ಕೊಡುವುದು ಒಳ್ಳೆಯದು.

ಮರವಂತೆ

ಅಡ್ಡ ಚಲನೆ, ಫಿಲ್ಟರ್, ರೀಜನ್ ಎಲ್ಲ ಹಾಕಿದೆ. ಡಾರ್ಟ್ 1.7, ಮೊನೆ ಹೋಯಿತು. ಇಲ್ಲಿಗೆ ನಿಲ್ಲಿಸೋಣ ಅಂದುಕೊಂಡೆ. ಆದರೆ ದಡದ ಕಡೆ ನೋಡಿದರೆ ಮಿಯಾಗಿಯಲ್ಲಿ ಚೆನ್ನಾಗಿದೆ, ಉತ್ತರದ ಮಿಯಾಕೋ ಹತ್ತಿರ ತುಂಬಾ ಕಡಿಮೆ. ಅಲ್ಲಿ ನೀರು 40 ಮೀಟರಿನವರೆಗೆ ಹತ್ತಿದೆಯಂತೆ. ಅಲ್ಲೂ ಹೊಂದುವವರೆಗೆ ಸ್ಲಿಪ್ ತಿದ್ದುವುದಕ್ಕೆ ಇನ್ವರ್ಶನ್ (ಅಳತೆಯಿಂದ ಹಿಂದಕ್ಕೆ ಸ್ಲಿಪ್ ತೆಗೆಯುವ ಲೆಕ್ಕ) ಬರೆದೆ. ಟ್ರೆಂಚ್ ಸಾಲನ್ನು ಪೂರ್ತಿ ಸಬ್‌ಫಾಲ್ಟ್ ಮಾಡಿ ಲೀಸ್ಟ್ ಸ್ಕ್ವೇರ್ಸ್ (ವ್ಯತ್ಯಾಸದ ವರ್ಗಗಳ ಮೊತ್ತ ಕಡಿಮೆ ಮಾಡುವ ವಿಧಾನ) ಹಾಕಿದರೆ ಒಂದು ಸಬ್‌ಫಾಲ್ಟ್ 90 ಮೀಟರ್, ಅದರ ಪಕ್ಕದ್ದು ಮೈನಸ್ 20 ಅಂತ ಕೊಡುತ್ತಿದೆ.

ಸ್ಲಿಪ್_ಡಿಪ್_ರೇಕ್

ಮೈನಸ್ 20 ಅಂದರೆ ಪ್ಲೇಟ್ ಹಿಂದಕ್ಕೆ ಜಾರಿತು ಅಂತ. ಅದಕ್ಕೆ ನಾನ್-ನೆಗೆಟಿವ್ ಲೀಸ್ಟ್ ಸ್ಕ್ವೇರ್ಸ್ ಬಳಸಿ. ಪಕ್ಕದ ಸಬ್‌ಫಾಲ್ಟ್‌ಗಳ ವ್ಯತ್ಯಾಸಕ್ಕೆ ದಂಡ ಹಾಕುವ ಸ್ಮೂದಿಂಗ್ ಸೇರಿಸಿ. ಎಷ್ಟು ದಂಡ ಅನ್ನುವುದಕ್ಕೆ ಹೊಂದಿಕೆಯನ್ನೂ ನಯವನ್ನೂ ತೂಗಿ ನೋಡುವ ಎಲ್-ಕರ್ವ್ ಗ್ರಾಫ್ ನೋಡಿ. ಸ್ಮೂದಿಂಗ್ ಜಾಸ್ತಿ ಆದರೆ ಟ್ರೆಂಚಿನ 45 ಮೀಟರ್ ಮತ್ತೆ ಹರಡಿಕೊಂಡು ಶುರುವಿನ ಜಾಗಕ್ಕೇ ವಾಪಸ್ ಬರುತ್ತೀರಿ. ಕಡಿಮೆ ಆದರೆ 90. ಮಧ್ಯದ ಹದ ಸಿಗುವವರೆಗೆ ಬದಲಿಸುತ್ತಾ ಹೋಗಬೇಕು, ಬೇರೆ ದಾರಿಯಿಲ್ಲ.

ಮೊದಲು ಚೆಕರ್‌ಬೋರ್ಡ್ ಪರೀಕ್ಷೆ ಮಾಡಿ. ಒಂದು ಬಿಟ್ಟು ಒಂದಕ್ಕೆ ಸ್ಲಿಪ್ ಕೊಟ್ಟು ಸುಳ್ಳು ದತ್ತಾಂಶ ತಯಾರಿಸಿ, ಅದನ್ನು ನಿಮ್ಮ ಇನ್ವರ್ಶನ್ ಮರಳಿ ತರುತ್ತದಾ ನೋಡಿ. ನೆಲದ ಜಿಪಿಎಸ್ ಮಾತ್ರ ಹಾಕಿದರೆ ಟ್ರೆಂಚ್ ಹತ್ತಿರದ ಚೌಕಗಳೆಲ್ಲ ಮಸುಕಾಗುತ್ತವೆ, 200 ಕಿಮೀ ದೂರದಿಂದ ಅದಕ್ಕೆ ಕಾಣುವುದಿಲ್ಲ. ಭೂಕಂಪದ ಬೆನ್ನಿಗೇ ಬಂದ ಕೆಲವು ಮಾಡೆಲ್‌ಗಳಲ್ಲಿ ಟ್ರೆಂಚ್ ಬದಿ ಖಾಲಿ ಖಾಲಿ ಕಾಣುವುದು ಈ ಕಾರಣಕ್ಕೇ. ಡಾರ್ಟ್, ಟಿಎಂ1, ಜಿಪಿಎಸ್ ಬಾಯ್ (ಸಮುದ್ರದಲ್ಲಿ ತೇಲುವ ಮಾಪಕ) ಸೇರಿಸಿದರೆ ಚೌಕಗಳು ಎದ್ದು ಕಾಣುತ್ತವೆ.

ಉತ್ತರದ್ದು ನಿಮ್ಮ ಕೋಡಿನ ತೊಂದರೆ ಅಲ್ಲ. ಉತ್ತರ 39ರಿಂದ 40ರ ನಡುವಿನ ಆ ಎತ್ತರಕ್ಕೆ ದೊಡ್ಡವರ ನಡುವೆಯೇ ಒಮ್ಮತ ಇಲ್ಲ. ಟ್ರೆಂಚ್ ಜಾರಿಕೆ ಉತ್ತರಕ್ಕೂ ಹೋಯಿತು, ಆದರೆ ಕೆಲವು ನಿಮಿಷ ತಡವಾಗಿ ಅಂತ ಒಂದು ವಾದ. ಅಲ್ಲಿ ಸಮುದ್ರದೊಳಗೆ ಭೂಕುಸಿತ ಆಯಿತು ಅಂತ ಇನ್ನೊಂದು. ನನಗೆ ತಡವಾದ ಜಾರಿಕೆಯ ವಾದ ಹೆಚ್ಚು ಹಿಡಿಸುತ್ತದೆ, ಒಂದೇ ಮಾಡೆಲ್‌ನಲ್ಲಿ ಸಮುದ್ರದ ಮಾಪಕಗಳೂ ದಡವೂ ಹೊಂದುತ್ತವೆ ಅನ್ನುವ ಕಾರಣಕ್ಕೆ. ಅದೇನೇ ಇರಲಿ, ಕಡಿದಾದ ಕೊಲ್ಲಿಗಳ ಒಳಗೆ ನೀರು ಹತ್ತುವುದನ್ನು ಹಿಡಿಯಲು ಕೆಲವೇ ಮೀಟರ್‌ಗಳ ಗ್ರಿಡ್ ಬೇಕು. ಜೆಬ್ಕೋದ 15 ಆರ್ಕ್ ಸೆಕೆಂಡ್, ಅಂದರೆ ಸುಮಾರು ಅರ್ಧ ಕಿಮೀ ಸೆಲ್ ಇಟ್ಟುಕೊಂಡು 40 ಮೀಟರ್ ಬರಲಿಲ್ಲ ಅಂತ ಸ್ಲಿಪ್ ಏರಿಸಬೇಡಿ.

ಪೆಸಿಫಿಕ್ ಆಚೆಗಿನ ಮಾಪಕಗಳನ್ನೂ ಹೋಲಿಸುವುದಿದ್ದರೆ ಒಂದು ಎಚ್ಚರಿಕೆ. ಚಿಲಿ ಕಡೆಗೆ ಹೋದ ಹಾಗೆ ನಿಮ್ಮ ಅಲೆ ನಿಜವಾದದ್ದಕ್ಕಿಂತ ಹತ್ತು ಹದಿನೈದು ನಿಮಿಷ ಬೇಗ ಬರುತ್ತದೆ. ಅದಕ್ಕೆ ಫಾಲ್ಟ್ ಸರಿಸಲು ಹೋಗಬೇಡಿ. ನೀರಿನ ಭಾರಕ್ಕೆ ಭೂಮಿಯೇ ಸ್ವಲ್ಪ ಬಾಗುತ್ತದೆ, ಆಳದ ನೀರು ಸ್ವಲ್ಪ ಕುಗ್ಗುತ್ತದೆ. ಎರಡೂ ಸೇರಿ ಅಲೆಯ ವೇಗ ಶೇಕಡಾ ಒಂದೆರಡು ಇಳಿಯುತ್ತದೆ. ಸಾಮಾನ್ಯ ಕೋಡ್‌ಗಳಲ್ಲಿ ಇದು ಇರುವುದಿಲ್ಲ.

ಮರವಂತೆ

ಚೆಕರ್‌ಬೋರ್ಡ್ ಮಾಡಿದೆ. ನೀವು ಹೇಳಿದ ಹಾಗೇ ಜಿಪಿಎಸ್ ಮಾತ್ರ ಹಾಕಿದಾಗ ಟ್ರೆಂಚ್ ಬದಿ ಪೂರ್ತಿ ಬೂದು. ಡಾರ್ಟ್ ಸೇರಿಸಿದ ಮೇಲೆ ಸರಿ. ದೊಡ್ಡ ಸ್ಲಿಪ್ ಈಗ 50ರ ಒಳಗೆ ನಿಂತಿದೆ, ಮೈನಸ್ ಇಲ್ಲ.

ಕೊನೆಯ ಪ್ರಶ್ನೆ. ಮಕ್ರಾನ್‌ಗೆ ಇದರಲ್ಲಿ ಏನನ್ನು ಒಯ್ಯಬಹುದು? ಈ ಸ್ಲಿಪ್ ಹಂಚಿಕೆಯನ್ನೇ ಅಲ್ಲಿ ಕೂರಿಸಿದರೆ ನಡೆಯುತ್ತದಾ?

ಸ್ಲಿಪ್_ಡಿಪ್_ರೇಕ್

ನಡೆಯುವುದಿಲ್ಲ. ಮಕ್ರಾನ್ ಬೇರೆ ಜಾತಿಯದು. ಅಲ್ಲಿ ಒಳಹೋಗುವ ಪ್ಲೇಟಿನ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪ ಹೂಳಿದೆ. ಡಿಪ್ ತೀರಾ ಸಪಾಟು. ಜಪಾನಿನ ಥರ ಆಳವಾದ ಟ್ರೆಂಚ್ ಕಾಣುವುದೇ ಇಲ್ಲ, ಹೂಳು ಮುಚ್ಚಿಬಿಟ್ಟಿದೆ. 1945ರ ನವೆಂಬರ್ 28ರ ಭೂಕಂಪ 8.1, ಒಡೆದದ್ದು ಪೂರ್ವದ ಭಾಗ ಮಾತ್ರ. ಇರಾನ್ ಕಡೆಯ ಪಶ್ಚಿಮ ಭಾಗ ಬಿಗಿದು ನಿಂತಿದೆಯೋ, ಸುಮ್ನೆ ಜಾರಿಕೊಂಡು ಹೋಗುತ್ತಿದೆಯೋ ಅನ್ನುವುದರ ಮೇಲೆ ಇಡೀ ಅಪಾಯದ ಲೆಕ್ಕ ನಿಂತಿದೆ. ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಹಾಗಾಗಿ ಒಂದು ಉತ್ತರ ಹುಡುಕಬೇಡಿ. ಮ್ಯಾಗ್ನಿಟ್ಯೂಡ್ ಒಂದನ್ನೇ ಹಿಡಿದು, ಜಾರಿಕೆ ಪೂರ್ತಿ ಆಳದಲ್ಲಿ, ಪೂರ್ತಿ ಮೇಲಂಚಿನಲ್ಲಿ, ಎರಡರ ನಡುವೆ, ಹೀಗೆ ಬೇರೆ ಬೇರೆ ಹಂಚಿಕೆಗಳನ್ನು ಓಡಿಸಿ. ಕಾರವಾರ, ಮಂಗಳೂರಿನ ಎದುರು ಅಲೆ ಎಷ್ಟು ಬದಲಾಗುತ್ತದೆ ಅನ್ನುವ ಶ್ರೇಣಿ ಕೊಡಿ. ಮೇಲಂಚಿನ ಹೂಳಿಗೆ ಮೆತ್ತನೆಯ ಮ್ಯೂ ಇಟ್ಟು ಒಂದು ಸೆಟ್, ಗಟ್ಟಿಯದು ಇಟ್ಟು ಇನ್ನೊಂದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೂಡ ಮೊದಲೇ ಓಡಿಸಿಟ್ಟ ಸನ್ನಿವೇಶಗಳ ದೊಡ್ಡ ಸಂಗ್ರಹ ಇಟ್ಟುಕೊಂಡೇ ಎಚ್ಚರಿಕೆ ಕೊಡುತ್ತದೆ. ಭೂಕಂಪ ಆದ ಮೇಲೆ ಶುರುವಿಂದ ಓಡಿಸುತ್ತಾ ಕೂರಲು ಸಮಯ ಎಲ್ಲಿರುತ್ತದೆ.

ನಮ್ಮ ಪಶ್ಚಿಮ ಕರಾವಳಿಯ ಎದುರು ಭೂಖಂಡದ ಚಾಚು ಅಗಲವಾಗಿದೆ, ಮುಂಬೈ ಕಡೆ ಇನ್ನೂ ಜಾಸ್ತಿ. ಆಳ ಕಡಿಮೆ ಇರುವಲ್ಲಿ ತಳದ ಘರ್ಷಣೆ ಅಲೆಯನ್ನು ತಿನ್ನುತ್ತದೆ. ತೊಹೊಕುವಿನಲ್ಲಿ ತೆಗೆದುಹಾಕಿದ ಘರ್ಷಣೆಯನ್ನು ಇಲ್ಲಿ ಮೊದಲ ರನ್‌ಗೂ ಮುಂಚೆ ವಾಪಸ್ ಹಾಕಿ.

ಮರವಂತೆ

ಘರ್ಷಣೆ ವಾಪಸ್ ಹಾಕಿದ್ದೇನೆ ಸರ್, ಮ್ಯಾನಿಂಗ್ (ತಳದ ಒರಟುತನದ ಗುಣಾಂಕ) 0.025. ಮಕ್ರಾನ್‌ಗೆ ಬೇರೆ ಥ್ರೆಡ್ ತೆರೆಯುತ್ತೇನೆ. ಇದನ್ನು ಬಗೆಹರಿದದ್ದು ಅಂತ ಗುರುತು ಹಾಕುತ್ತಿದ್ದೇನೆ. ಅಲೆಮಾರಿ ಅವರೇ, ಅಡ್ಡ ಚಲನೆ ಕೂಡಿಸುವ ಸ್ಕ್ರಿಪ್ಟ್ ಹಾಕಿದ್ದೇನೆ, ಇಳಿಜಾರಿನ ಸೈನ್ ಒಮ್ಮೆ ನೋಡಿ ಹೇಳಿ.

ಅಲೆಮಾರಿ

ನೋಡಿದೆ, ಸರಿಯಾಗಿದೆ. ಪೂರ್ವ-ಪಶ್ಚಿಮ ಸೆಲ್ ಅಗಲಕ್ಕೆ ಅಕ್ಷಾಂಶದ ಕೊಸೈನ್ ಗುಣಿಸಿದ್ದೀರಿ, ಅದನ್ನೇ ತುಂಬಾ ಜನ ಬಿಟ್ಟುಬಿಡುತ್ತಾರೆ.